ಕೂಳೆ ಕಬ್ಬು, ಹದಗೆಟ್ಟ ರಸ್ತೆ

ನಾನು ಮೈಸೂರಿನಲ್ಲೇ ಬೆಳೆದವಳು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್. ಕನ್ನಡದಲ್ಲಿ ನಾಲ್ಕು ಸಾಲು ಬರೆಯಲು ಕೂತರೆ ‘ಚೆನ್ನಾಗಿದೆ’, ‘ತುಂಬಾ ಚೆನ್ನಾಗಿದೆ’ ಬಿಟ್ಟು ಬೇರೆ ಮಾತೇ ಸಿಗುತ್ತಿರಲಿಲ್ಲ. ನಿಘಂಟು ತಂದು ದಿನಕ್ಕೆ 10 ಪದದಂತೆ ಬಾಯಿಪಾಠ ಶುರುಮಾಡಿದೆ. ‘ಅ’ ಮುಗಿಯುವ ಮೊದಲೇ ಕೈಬಿಟ್ಟೆ.

ದಾರಿ ಸಿಕ್ಕಿದ್ದು ಪಾಂಡವಪುರದ ಹತ್ತಿರ, ಸೋದರಮಾವನ ಗದ್ದೆಯಲ್ಲಿ. ‘ಇದು ಕೂಳೆ ಕಬ್ಬು ಕನವ್ವ’ ಎಂದರು ಮಾವ. ನನ್ನ ಕಿವಿಗೆ ‘ಕೊಳೆ’ ಅಂತ ಬಿತ್ತು. ‘ತೊಳೆದರೆ ಹೋಗಲ್ವಾ ಮಾವ?’ ಅಂದುಬಿಟ್ಟೆ. ಕಬ್ಬು ಕಡಿಯುತ್ತಿದ್ದವರೆಲ್ಲ ಮಚ್ಚು ಕೆಳಗಿಟ್ಟು ನಕ್ಕರು. ಕಡಿದ ಮೇಲೆ ಉಳಿದ ಬುಡದಿಂದಲೇ ಮತ್ತೆ ಚಿಗುರುವ ಬೆಳೆ ಅದು, ಹೊಸದಾಗಿ ನೆಡಬೇಕಿಲ್ಲ. ಆ ಪದ ಇವತ್ತಿಗೂ ಮರೆತಿಲ್ಲ. ಮರೆಯಲು ಮಾವ ಬಿಡುವುದೂ ಇಲ್ಲ.

ಅವತ್ತೇ ಸಂಜೆ ಆಲೆಮನೆಗೆ ಹೋದೆವು. ಕೊಪ್ಪರಿಗೆಯಲ್ಲಿ ಪಾಕ ಕುದಿಯುತ್ತಿತ್ತು. ಒಬ್ಬರು ಒಂದು ತೊಟ್ಟು ಪಾಕವನ್ನು ತಣ್ಣೀರಿಗೆ ಬಿಟ್ಟು, ಬೆರಳಲ್ಲಿ ಉಂಡೆ ಮಾಡಿ ನೋಡಿ, ‘ಹದ ಬಂತು, ಇಳಿಸಿ’ ಎಂದರು. ವಾಪಸ್ ಬರುವಾಗ ಬಸ್ಸು ಒಂದು ಗುಂಡಿಯಲ್ಲಿ ಎತ್ತಿಹಾಕಿತು. ‘ಹದಗೆಟ್ಟ ರಸ್ತೆ’ ಅನ್ನುವ ಮಾತು ತಟ್ಟನೆ ನೆನಪಾಯಿತು. ಪೇಪರಿನಲ್ಲಿ ಎಷ್ಟು ಸಲ ಓದಿದ್ದೆನೋ! ಅದರೊಳಗೆ ಈ ಹದ ಕೂತಿರುವುದು ಕಂಡೇ ಇರಲಿಲ್ಲ.

ಆಮೇಲೆ ನನ್ನ ನೋಟ್‌ಬುಕ್ಕೇ ಬದಲಾಯಿತು. ಪದದ ಎದುರು ಅರ್ಥ ಬರೆಯುವುದಿಲ್ಲ. ಯಾರ ಬಾಯಲ್ಲಿ ಹೇಗೆ ಕೇಳಿದೆನೋ ಆ ಇಡೀ ವಾಕ್ಯ ಬರೆಯುತ್ತೇನೆ. ಕೆಳಗೆ ಅದರ ನೆಂಟರು: ಹದವಾಗಿ, ಹದಮಾಡು, ಹದಗೆಡು. ಮೂರು ದಿನ ಬಿಟ್ಟು ಪದವನ್ನು ಬೆರಳಲ್ಲಿ ಮುಚ್ಚಿ ವಾಕ್ಯ ಓದುತ್ತೇನೆ. ಪದ ಹೊಳೆಯದಿದ್ದರೆ ನಾಳೆ ಮತ್ತೆ; ಹೊಳೆದರೆ ಹತ್ತು ದಿನ ಬಿಟ್ಟು. ವಾರಕ್ಕೆ ಐದಾರು ಪದ ಸಾಕು. ಜಾಸ್ತಿ ಆಸೆಪಟ್ಟರೆ ಸುಮ್ನೆ ಪುಟ ತುಂಬುತ್ತದೆ ಅಷ್ಟೇ.

ನಿಘಂಟನ್ನು ಬಿಟ್ಟಿಲ್ಲ. ಪದ ಮೊದಲು ಕಿವಿಗೆ ಬೀಳಬೇಕು, ನಿಘಂಟು ಆಮೇಲೆ. ಮಂಡ್ಯ ಜಿಲ್ಲೆಯವರೇ ಆದ ನಿಘಂಟುಕಾರ ಜಿ. ವೆಂಕಟಸುಬ್ಬಯ್ಯನವರು 1991ರಿಂದ ‘ಪ್ರಜಾವಾಣಿ’ಯಲ್ಲಿ ‘ಇಗೋ ಕನ್ನಡ’ ಅಂಕಣ ಬರೆಯುತ್ತಿದ್ದರು. ಅಲ್ಲೂ ಹಾಗೇ. ಓದುಗರು ಎಲ್ಲೋ ಕೇಳಿದ ಪದ ಹಿಡಿದು ಪ್ರಶ್ನೆ ಕಳಿಸುತ್ತಿದ್ದರು, ಅವರು ಬಿಡಿಸಿ ಹೇಳುತ್ತಿದ್ದರು.

ಕಲಿತ ಪದವನ್ನು ಮನೆಯಲ್ಲೇ ಮೊದಲು ಬಳಸಿ ನೋಡುತ್ತೇನೆ. ಒಂದು ದಿನ ಊಟಕ್ಕೆ ಕೂತಾಗ ‘ಅಮ್ಮಾ, ಸಾರು ಹದಗೆಟ್ಟಿದೆ’ ಅಂದೆ. ಅಮ್ಮ ಸೌಟು ಹಿಡಿದೇ ತಿರುಗಿದರು: ‘ರಸ್ತೆ ಹದಗೆಡುತ್ತೆ, ಆರೋಗ್ಯ ಹದಗೆಡುತ್ತೆ. ಸಾರು ಹಳಸುತ್ತೆ. ಇದು ಹಳಸಿಲ್ಲ, ಉಪ್ಪು ಕಮ್ಮಿ. ಹಾಕ್ಕೊಂಡು ತಿನ್ನು.’

ಊಟ ಮುಗಿಸಿ ಅದನ್ನೂ ಬರೆದುಕೊಂಡೆ, ಅಮ್ಮನ ಮಾತಲ್ಲೇ.