ವಿಂಡ್ಸರ್‌ಗೆ ರೈಲಲ್ಲಿ, ಟಿಪ್ಪುವಿನ ಹುಲಿ ನೋಡಲು

ಮೈಸೂರಿಂದ ಅಪ್ಪ ಅಮ್ಮ ಲಂಡನ್ನಿಗೆ ಬಂದಾಗ, ಹತ್ತಿರದಲ್ಲೇ ರಾಜಮನೆತನದ ಕೋಟೆ ಇರುವ ವಿಂಡ್ಸರ್‌ಗೆ ಹೋಗೋಣ ಅಂದೆ. ‘ಅರಮನೆ ಊರಿನವರಿಗೆ ಇನ್ನೊಂದು ಅರಮನೆ ತೋರಿಸ್ತೀಯಾ?’ ಅಂತ ಅಮ್ಮ ನಕ್ಕರು. ಶ್ರೀರಂಗಪಟ್ಟಣದಿಂದ ಲೂಟಿಯಾದ ಟಿಪ್ಪು ಸಿಂಹಾಸನದ ಹುಲಿತಲೆ ಅಲ್ಲಿದೆ ಅಂತ ಹೇಳಿದ್ದೇ ತಡ, ಅಪ್ಪ ಹೊರಟೇಬಿಟ್ಟರು.

ದಿನ ಆರಿಸುವಾಗ ಸ್ವಲ್ಪ ಲೆಕ್ಕ ಹಾಕಬೇಕು. ಕೋಟೆಗೆ ಮಂಗಳವಾರ, ಬುಧವಾರ ರಜೆ. ಭಾನುವಾರ ಪ್ರಾರ್ಥನೆ ಇರುವುದರಿಂದ ಕೋಟೆಯೊಳಗಿನ ಚರ್ಚಾದ ಸೇಂಟ್ ಜಾರ್ಜ್ ಚಾಪೆಲ್ ಒಳಗೆ ಪ್ರವಾಸಿಗರನ್ನು ಬಿಡುವುದಿಲ್ಲ. ಹಾಗಾಗಿ ಗುರುವಾರ ಹೋದೆವು. ಕೋಟೆ ಟಿಕೆಟ್ ಮೊದಲೇ ಆನ್‌ಲೈನಲ್ಲಿ ತಗೊಂಡಿದ್ದೆ, ಬಾಗಿಲಲ್ಲಿ ಕೊಂಡರೆ ಜಾಸ್ತಿ. ರೈಲಿಗೆ ಮೂರು ಜನ ಒಟ್ಟಿಗೆ ಹೋದರೆ ಗ್ರೂಪ್‌ಸೇವ್ ಅಂತ ಮೂರನೇ ಒಂದು ಭಾಗ ರಿಯಾಯಿತಿ ಸಿಗುತ್ತದೆ. ಅದಕ್ಕೆ ಬೆಳಗಿನ ಗಡಿಬಿಡಿ ಹೊತ್ತು ಮುಗಿಯುವವರೆಗೆ ಕಾಯಬೇಕು, ಅಷ್ಟೆ.

ವಿಂಡ್ಸರ್‌ಗೆ ಎರಡು ದಾರಿ, ಎರಡು ಸ್ಟೇಷನ್. ಲಂಡನ್ನಿನ ವಾಟರ್ಲೂ ಸ್ಟೇಷನ್ನಿಂದ ಹೊರಟರೆ ರೈಲು ಬದಲಿಸದೆ ರಿವರ್‌ಸೈಡ್ ಸ್ಟೇಷನ್‌ಗೆ ಹೋಗಬಹುದು, ಸುಮಾರು ಒಂದು ಗಂಟೆ. ನಾನು ಆರಿಸಿದ್ದು ಲಂಡನ್ನಿನ ಇನ್ನೊಂದು ಸ್ಟೇಷನ್ ಪ್ಯಾಡಿಂಗ್ಟನ್ನಿನ ದಾರಿ. ಸ್ಲೌ (Slough) ಊರಲ್ಲಿ ಇಳಿದು ಪುಟ್ಟ ರೈಲು ಹತ್ತಬೇಕು, ಆರೇ ನಿಮಿಷದ ಪ್ರಯಾಣ. ಆ ಆರು ನಿಮಿಷಕ್ಕೇ ಈ ದಾರಿ. ಎಡಗಡೆ ಕಿಟಕಿ ಪಕ್ಕ ಕೂತುಕೊಳ್ಳಿ. ರೈಲು ಇಟ್ಟಿಗೆ ಕಮಾನುಗಳ ಮೇಲೆ ಏರಿ, ಎಂಜಿನಿಯರ್ ಬ್ರೂನೆಲ್ 1849ರಲ್ಲಿ ಕಟ್ಟಿಸಿದ ಕಬ್ಬಿಣದ ಸೇತುವೆ ಮೇಲೆ ಥೇಮ್ಸ್ ದಾಟುತ್ತದೆ. ಬಯಲಿನಾಚೆ ಕೋಟೆ ಅಷ್ಟುದ್ದಕ್ಕೂ ಕಾಣುತ್ತದೆ. ಈ ದಾರಿ ಮುಗಿಯುವ ಸೆಂಟ್ರಲ್ ಸ್ಟೇಷನ್ನಿನ ಬಹುಭಾಗ ಈಗ ಅಂಗಡಿಗಳೇ. ಹೊರಗೆ ಬಂದರೆ ರಸ್ತೆಯಾಚೆ ಕೋಟೆ ಗೋಡೆ.

ಒಳಗೆ ಹೋಗಲು ವಿಮಾನ ನಿಲ್ದಾಣದಂಥ ತಪಾಸಣೆ. ಆಮೇಲೆ ಏರು. ಮಂಡಿ ನೋವಿರುವವರು ನಿಧಾನಕ್ಕೆ ಹತ್ತಬೇಕು, ಅಮ್ಮ ನಡುವೆ ಎರಡು ಸಲ ಕೂತರು. 11 ಗಂಟೆಗೆ ಕಾವಲುಗಾರರು ಬದಲಾಗುವುದನ್ನು ನೋಡಿದೆವು. ಬ್ಯಾಂಡ್ ಚೆನ್ನಾಗಿತ್ತು, ಆದರೆ ನಮ್ಮ ದಸರಾ ನೋಡಿದವರಿಗೆ ಅಂಥ ವಿಶೇಷವೇನಲ್ಲ. ಮೇರಿ ರಾಣಿಗಾಗಿ ಮಾಡಿಸಿದ ಗೊಂಬೆಮನೆ ನೋಡುವವರ ಸಾಲು ಉದ್ದ ಇತ್ತು, ಬಿಟ್ಟೆವು.

ನಾವು ಬಂದದ್ದಕ್ಕೆ ಕಾರಣವಾದದ್ದು ಕೋಟೆಯ ರಾಜವೈಭವದ ಕೋಣೆಗಳಾದ ಸ್ಟೇಟ್ ಅಪಾರ್ಟ್‌ಮೆಂಟ್ಸಿನ ಗ್ರ್ಯಾಂಡ್ ವೆಸ್ಟಿಬ್ಯೂಲ್ ಎಂಬ ಹಜಾರದಲ್ಲಿದೆ. ಗೋಡೆ ತುಂಬಾ ಆಯುಧ, ಗಾಜಿನ ಪೆಟ್ಟಿಗೆಗಳು. ಬ್ರಿಟಿಷ್ ನೌಕಾಪತಿ ನೆಲ್ಸನ್ನನ್ನು ಕೊಂದ ಗುಂಡೂ ಇಲ್ಲೇ ಇದೆ, ಜನ ಅದನ್ನೇ ಮುತ್ತಿಕೊಂಡಿದ್ದರು. ಹುಲಿತಲೆ ಮುಂದೆ ನಾವು ಮೂವರೇ. ಮರದ ಮೇಲೆ ಚಿನ್ನದ ತಗಡು ಹೊದಿಸಿದ್ದಾರೆ. ಕಣ್ಣು, ಹಲ್ಲು ಸ್ಫಟಿಕದವು. ಬಾಯಿ ತೆರೆದಿದೆ, ಗರ್ಜನೆ ಇನ್ನೂ ಮುಗಿದಿಲ್ಲವೇನೋ ಅನ್ನುವಂತೆ. ಸಿಂಹಾಸನದ ಛತ್ರಿಯ ಮೇಲಿದ್ದ ಹುಮಾ ಹಕ್ಕಿಯೂ ಇತ್ತು, ಮೈಯೆಲ್ಲ ಮಾಣಿಕ್ಯ, ಪಚ್ಚೆ, ವಜ್ರ. ಅದರ ನೆರಳು ಬಿದ್ದವನು ರಾಜನಾಗುತ್ತಾನೆ ಅಂತ ನಂಬಿಕೆ. 1799ರಲ್ಲಿ ಪಟ್ಟಣ ಬಿದ್ದ ಮೇಲೆ ಗೆದ್ದವರು ಸಿಂಹಾಸನವನ್ನು ಒಡೆದು ಹಂಚಿಕೊಂಡರು. ಹಕ್ಕಿ ಬ್ರಿಟನ್ನಿನ ದೊರೆ ಮೂರನೇ ಜಾರ್ಜ್‌ಗೆ ಬಂತು, ಹುಲಿತಲೆ 1831ರಲ್ಲಿ ನಾಲ್ಕನೇ ವಿಲಿಯಮ್‌ಗೆ. ಆ ಸಿಂಹಾಸನದ ಮೇಲೆ ಟಿಪ್ಪು ಕೂರಲೇ ಇಲ್ಲ ಅಂತ ಹೇಳುತ್ತಾರೆ. ಅಪ್ಪ ಫಲಕ ಪೂರ್ತಿ ಓದಿ, ‘ಕೊಟ್ಟರು ಅಂತ ಬರೆದಿದ್ದಾರಲ್ಲ, ಯಾರದ್ದನ್ನು ಯಾರು ಕೊಟ್ಟರು?’ ಅಂದರು. ಸೈನಿಕನ ಮೇಲೆ ಎರಗುವ, ಟಿಪ್ಪುವಿನ ಮರದ ಹುಲಿ ಮಾತ್ರ ಇಲ್ಲಿಲ್ಲ, ಅದು ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನದು.

1992ರ ಬೆಂಕಿಯಲ್ಲಿ ಸುಟ್ಟು ಮತ್ತೆ ಕಟ್ಟಿದ ಸೇಂಟ್ ಜಾರ್ಜ್ ಹಾಲ್, ಎರಡನೇ ಎಲಿಜಬೆತ್ ರಾಣಿಯ ಸಮಾಧಿ ಇರುವ ಚಾಪೆಲ್ ನೋಡಿ ಹೊರಬಿದ್ದಾಗ ಹೊಟ್ಟೆ ತಾಳ ಹಾಕುತ್ತಿತ್ತು.

ಕಟ್ಟಿಕೊಂಡು ಹೋಗಿದ್ದ ಪುಳಿಯೋಗರೆ ತಿಂದದ್ದು ಲಾಂಗ್ ವಾಕ್‌ನ ಹುಲ್ಲಿನ ಮೇಲೆ. ಕೋಟೆಯಿಂದ ನಾಲ್ಕು ಕಿಲೋಮೀಟರಿಗೂ ಉದ್ದ, ನೇರ ದಾರಿ, ಟಿಕೆಟ್ ಇಲ್ಲ. ಹೀಥ್ರೂ ವಿಮಾನಗಳು ತಲೆ ಮೇಲೇ ಹೋಗುತ್ತಿರುತ್ತವೆ. ದಾರಿಯ ತುದಿಯ ದಿಬ್ಬದ ಮೇಲೆ ಕುದುರೆ ಏರಿ ಕೂತಿರುವವನು ಅದೇ ಮೂರನೇ ಜಾರ್ಜ್. ಅವನ ಹತ್ತಿರದವರೆಗೆ ನಡೆಯೋಣ ಅಂತ ಅಪ್ಪ ಹಟ ಹಿಡಿದರು. ಅಮ್ಮ ಒಪ್ಪಲಿಲ್ಲ. ಥೇಮ್ಸ್ ದಡಕ್ಕೆ ಹೋಗಿ ಹಂಸಗಳನ್ನು ನೋಡಿ, ಸೇತುವೆ ದಾಟಿ ಆಚೆ ದಡದ ಈಟನ್ ಊರಿನ ಬೀದಿಯಲ್ಲಿ ಕಾಫಿ ಕುಡಿದು, ಬಂದ ದಾರಿಯಲ್ಲೇ ಸ್ಲೌಗೆ ವಾಪಸ್ಸು. ಪುಟ್ಟ ರೈಲು ಆಗಾಗ ಇರುತ್ತದೆ, ಒಂದು ತಪ್ಪಿದರೆ ಸ್ಟೇಷನ್ನಿನ ಅಂಗಡಿ ನೋಡುತ್ತಾ ಇನ್ನೊಂದಕ್ಕೆ ಕಾಯಬಹುದು.