ಜೊಂಡಿನೊಳಗೆ ಕೂಗುವ ಹಕ್ಕಿ ಯಾವುದು? ನಾನು ಗುರುತಿಸುವ ಬಗೆ

ಜೊಂಡು, ಆಪು ದಟ್ಟವಾಗಿ ಬೆಳೆದ ನಮ್ಮ ಕೆರೆಗಳಲ್ಲಿ ಬೈನಾಕ್ಯುಲರ್‌ಗಿಂತ ಕಿವಿಯೇ ಹೆಚ್ಚು ಕೆಲಸಕ್ಕೆ ಬರುತ್ತದೆ. ಸೂರ್ಯೋದಯಕ್ಕೆ ಅರ್ಧ ಗಂಟೆ ಮೊದಲೇ ಏರಿಯ ಮೇಲೆ ನಿಂತು, ಹತ್ತು ನಿಮಿಷ ಅಲುಗಾಡದೆ ಕೇಳುತ್ತೇನೆ. ಗಾಳಿ ಎದ್ದರೆ ಜೊಂಡಿನ ಸರಸರದಲ್ಲಿ ಏನೂ ದಕ್ಕುವುದಿಲ್ಲ.

ಮೊದಲು ಹಿಡಿಯುವುದು ಲಯವನ್ನು. ದಟ್ಟ ಎಲೆಗಳು ಕೂಗಿನ ಕೀರಲು ಅಂಶವನ್ನು ನುಂಗಿಬಿಡುವುದರಿಂದ ದೂರದ ಹಕ್ಕಿಯ ದನಿ ಬೇರೆಯಾಗಿಯೇ ಕೇಳಿಸುತ್ತದೆ. ಲಯ ಅಷ್ಟು ಕೆಡುವುದಿಲ್ಲ. ಬಿಳಿ ಎದೆಯ ಹುಂಡುಕೋಳಿಯಿಂದ ಶುರುಮಾಡಿದರೆ ಕಿವಿ ಬೇಗ ಪಳಗುತ್ತದೆ: ಮಳೆಗಾಲದಲ್ಲಿ ‘ಕ್ರ್‌-ಕ್ವಾಕ್-ಕ್ವಾಕ್’ ಎಂದು ರಾತ್ರಿಯೂ ಬಿಡದೆ ಕೂಗುತ್ತದೆ.

ನಿಜವಾದ ಪರೀಕ್ಷೆ ನೀರಲ್ಲಿ ಮುಳುಗೇಳುವ ಗುಳುಮುಳುಕ ಮತ್ತು ಜೊಂಡಿನಲ್ಲಿ ಅಡಗುವ, ಕೆಂಗಂದು ಎದೆಯ ರಡಿ-ಬ್ರೆಸ್ಟೆಡ್ ಕ್ರೇಕ್‌ಗಳದು. ಎರಡರದೂ ಇಳಿಯುತ್ತಾ ಹೋಗುವ ಗುಳುಗುಳು ದನಿ. ಆದರೆ ಕ್ರೇಕ್ ಅನೇಕ ಸಲ ಆ ಗುಳುಗುಳುವಿಗೆ ಮೊದಲು ‘ಟ್ಯೂಕ್, ಟ್ಯೂಕ್’ ಎಂದು ಬಿಡಿಬಿಡಿಯಾಗಿ ಕುಟ್ಟಿ, ವೇಗ ಏರಿಸುತ್ತದೆ. ಗುಳುಮುಳುಕ ನೇರ ಗುಳುಗುಳುವಿಗೇ ಇಳಿಯುತ್ತದೆ, ಅದೂ ಹೆಚ್ಚಾಗಿ ತೆರೆದ ನೀರಿನಿಂದ. ಕೂಗು ಕೇಳಿದ ಮೇಲೆ ರೆಕಾರ್ಡಿಂಗ್ ಒತ್ತಿದರೆ ಬೇಕಾದ ಆ ಮುಂಭಾಗವೇ ತಪ್ಪಿಹೋಗುತ್ತದೆ. ಹಾಗಾಗಿ ನಿಂತ ಕೂಡಲೇ ರೆಕಾರ್ಡಿಂಗ್ ಆನ್ ಮಾಡಿಡುತ್ತೇನೆ.

ಮಸುಕಿನಲ್ಲಿ ಖಾಲಿ ಬಾಟಲಿಯ ಬಾಯಿಗೆ ಊದಿದಂಥ ತಗ್ಗು ‘ಕೂಕ್’ ಒಂದೇ ಸಮನೆ ಬಂದರೆ ಅದು ಪೇಂಟೆಡ್ ಸ್ನೈಪ್ ಎಂಬ, ಕೆಸರಿನಲ್ಲಿ ಉದ್ದ ಕೊಕ್ಕಿನಿಂದ ಮೇಯುವ ಹಕ್ಕಿ. ಕೂಗುವುದು ಹೆಣ್ಣು, ಕಾವು ಕೂರುವುದು ಗಂಡು. ನೀರುಕೋಳಿ ಜಾತಿಯ ವಾಟರ್‌ಕಾಕ್‌ನ ದನಿ ಕಪ್ಪೆಗಳ ಗದ್ದಲದಲ್ಲಿ ಕಲಸಿಹೋಗುತ್ತದೆ. ಕಪ್ಪೆಗಳು ಹತ್ತು ಕಡೆಯಿಂದ ಒಂದರ ಮೇಲೊಂದು ಕೂಗುತ್ತವೆ. ವಾಟರ್‌ಕಾಕ್ ಒಂದೇ ಕಡೆಯಿಂದ ‘ಕೊಕ್-ಕೊಕ್’ ಸರಣಿ ಹಿಡಿದು, ಆಮೇಲೆ ಟೊಳ್ಳು ದನಿಯ ‘ಉಟುಂಬ್-ಉಟುಂಬ್’ಗೆ ಹೊರಳುತ್ತದೆ.

ಫೋನಿನ ರೆಕಾರ್ಡಿಂಗ್ ಆ್ಯಪ್‌ನಲ್ಲಿ ಸದ್ದನ್ನು ಕುಗ್ಗಿಸದೆ ಉಳಿಸುವ ವೇವ್ (WAV) ಫಾರ್ಮ್ಯಾಟ್, ಸ್ಯಾಂಪಲ್ ರೇಟ್ 48 ಕಿಲೋಹರ್ಟ್ಸ್ ಇರಲಿ, ಹಿನ್ನೆಲೆಯ ಸದ್ದು ತಗ್ಗಿಸುವ ನಾಯ್ಸ್ ರಿಡಕ್ಷನ್ ಕಡ್ಡಾಯವಾಗಿ ಆಫ್ ಆಗಿರಲಿ. ಅದು ಮನುಷ್ಯರ ಮಾತಿಗೆಂದು ಮಾಡಿದ್ದು, ಒಂದೇ ಸಮನೆಯ ಕೂಗನ್ನು ಗದ್ದಲವೆಂದು ಅಳಿಸಿಬಿಡಬಹುದು. ಮನೆಗೆ ಬಂದು ಸ್ಪೆಕ್ಟ್ರೋಗ್ರಾಮ್ (ಸದ್ದಿನ ಏರಿಳಿತವನ್ನು ಚಿತ್ರವಾಗಿ ತೋರಿಸುವ ನಕ್ಷೆ) ನೋಡಿದರೆ ಕ್ರೇಕ್‌ನ ‘ಟ್ಯೂಕ್’ಗಳು ಬಿಡಿ ಗೆರೆಗಳಾಗಿ, ಗುಳುಗುಳು ಒತ್ತೊತ್ತಾಗಿ ಕಾಣುತ್ತದೆ. ಕೂಗು ಕೇಳಿ ಹಕ್ಕಿಯನ್ನು ಗುರುತಿಸುವ ಮರ್ಲಿನ್ ಆ್ಯಪ್ ಕೊಡುವ ಹೆಸರು ನನಗೆ ಸುಳಿವಷ್ಟೇ. ಹಕ್ಕಿ ಕೂಗುಗಳ ಸಂಗ್ರಹವಿರುವ ಜೆನೋ-ಕ್ಯಾಂಟೊ ಜಾಲತಾಣದಲ್ಲಿನ ಮೂರ್ನಾಲ್ಕು ಧ್ವನಿಮುದ್ರಣಗಳೊಡನೆ ಹೋಲಿಸಿಯೇ ಪಟ್ಟಿಗೆ ಸೇರಿಸುತ್ತೇನೆ.

ಕೂಗನ್ನು ಸ್ಪೀಕರ್‌ನಲ್ಲಿ ಹಾಕಿ ಹಕ್ಕಿಯನ್ನು ಹೊರಗೆಳೆಯುವುದು ಮಾತ್ರ ಬೇಡವೇ ಬೇಡ. ಬೇರೆ ಹಕ್ಕಿ ನುಗ್ಗಿತೆಂದು ಅದು ಗೂಡು ಬಿಟ್ಟು ಓಡಿ ಬರುತ್ತದೆ, ಅಷ್ಟರಲ್ಲಿ ಮೊಟ್ಟೆ ಕಾಗೆಯ ಪಾಲಾಗಬಹುದು.