ಇರುಳಲ್ಲಿ ಘಮಿಸುವ ಬ್ರಸಾವೋಲಾ: ಫ್ಲಾಟಿನೊಳಗೆ ನಾನು ಬೆಳೆಸುವ ರೀತಿ

ಬ್ರಸಾವೋಲಾ ನೊಡೋಸಾ ಎಂಬ ಆರ್ಕಿಡ್‌ನ ಹೂವನ್ನು ಹಗಲು ಮೂಗಿನ ಹತ್ತಿರ ಹಿಡಿದರೂ ಹೇಳಿಕೊಳ್ಳುವಂಥ ವಾಸನೆ ಇರುವುದಿಲ್ಲ. ಕತ್ತಲಾದ ಮೇಲೆ ನಾಲ್ಕೇ ಹೂವು ಕೋಣೆ ತುಂಬುತ್ತವೆ. ಪರಾಗ ಒಯ್ಯುವುದು ಇರುಳು ಹಾರುವ ಪತಂಗ, ಅದಕ್ಕೇ ಹೀಗೆ. ಮೆಕ್ಸಿಕೋ, ಮಧ್ಯ ಅಮೆರಿಕದ ಕರಾವಳಿಯಲ್ಲಿ ಮರಕ್ಕೋ ಬಂಡೆಗೋ ಬೇರು ಅಂಟಿಸಿಕೊಂಡು, ಬಿಸಿಲು ಗಾಳಿಗೆ ಮೈಯೊಡ್ಡಿ ಬೆಳೆಯುವ ಗಿಡ ಇದು. ಕಡ್ಡಿಯಂಥ ದಪ್ಪ ಎಲೆಯಲ್ಲಿ ನೀರು ಕೂಡಿಟ್ಟುಕೊಳ್ಳುತ್ತದೆ. ಮನೆಯೊಳಗೆ ಸತ್ತರೆ ನೀರಿಲ್ಲದೆ ಅಲ್ಲ, ಬೇರಿಗೆ ಗಾಳಿಯಾಡದೆ.

ಹಾಗಾಗಿ ಮಣ್ಣು ಬೇಡವೇ ಬೇಡ. ಪಕ್ಕದಲ್ಲೂ ತೂತಿರುವ 4 ಇಂಚಿನ ಮಣ್ಣಿನ ಕುಂಡಕ್ಕೆ ಎರಡು ಪಾಲು ಕಟ್ಟಿಗೆ ಇದ್ದಿಲು, ಒಂದು ಪಾಲು ಹೆಂಚಿನ ಚೂರು ಹಾಕುತ್ತೇನೆ. ಚೂರುಗಳು ಸುಮಾರು 2 ಸೆಂ.ಮೀ. ಇರಲಿ. ಪುಡಿಯನ್ನು ಜರಡಿ ಹಿಡಿದು ತೆಗೆಯದಿದ್ದರೆ ಅದು ತಳಕ್ಕಿಳಿದು ಕೆಸರಾಗುತ್ತದೆ. ನರ್ಸರಿಯವರು ತೆಂಗಿನ ಸಿಪ್ಪೆಯ ತುಂಡು ಕೊಡುತ್ತಾರೆ. ಬೆಂಗಳೂರಿನ ಮಳೆಗಾಲದಲ್ಲಿ, ಅದೂ ಕಿಟಕಿಯೊಳಗೆ, ಸಿಪ್ಪೆ ದಿನಗಟ್ಟಲೆ ಆರುವುದಿಲ್ಲ. ಹಾಕಲೇಬೇಕೆಂದರೆ ನೀರು ಬದಲಿಸುತ್ತ ಮೂರು ದಿನ ನೆನೆಸಿ ಉಪ್ಪು ಬಿಡಿಸಿ, ಒಂದು ಹಿಡಿ ಸಾಕು.

ಕುಂಡ ಬದಲಿಸಲು ಹೊಸ ಬೇರಿನ ಹಸಿರು ತುದಿ ಕಾಣಿಸುವವರೆಗೆ ಕಾಯಬೇಕು. ಗಿಡದ ಬುಡ ಇದ್ದಿಲಿನ ಮೇಲೇ ಕೂರಲಿ, ಹೂತರೆ ಕೊಳೆಯುತ್ತದೆ. ಒಂದು ಕಡ್ಡಿಗೆ ದಾರದಿಂದ ಕಟ್ಟಿ. ಗಿಡ ಅಲುಗಾಡಿದರೆ ಆ ಎಳೆ ತುದಿಗಳು ಉಜ್ಜಿಹೋಗಿ ಬೆಳವಣಿಗೆ ನಿಂತುಬಿಡುತ್ತದೆ.

ನೀರು ಯಾವಾಗ ಎಂಬುದನ್ನು ಬೇರೇ ಹೇಳುತ್ತದೆ. ಒಣಗಿದ ಬೇರು ಬೆಳ್ಳಿ ಬಣ್ಣ, ನೀರು ಬಿದ್ದ ಕೂಡಲೇ ಹಸಿರು. ಹಸಿರಿದ್ದರೆ ಮುಟ್ಟಬೇಡಿ. ಬೇಸಿಗೆಯಲ್ಲಿ ದಿನ ಬಿಟ್ಟು ದಿನ, ಮಳೆಗಾಲದಲ್ಲಿ ಐದಾರು ದಿನಕ್ಕೊಮ್ಮೆ, ಬೆಳಿಗ್ಗೆಯೇ, ತಳದಿಂದ ಹರಿದುಹೋಗುವಷ್ಟು ಹಾಕುತ್ತೇನೆ. ಕೆಳಗೆ ತಟ್ಟೆ ಇಟ್ಟರೆ ನೀರು ಚೆಲ್ಲಿಬಿಡಿ. ಗಡಸು ಬೋರ್‌ವೆಲ್ ನೀರಾದರೆ ಕುಂಡದ ಅಂಚಿಗೆ ಬಿಳಿ ಪದರ ಕಟ್ಟಿ ಬೇರಿನ ತುದಿ ಕಪ್ಪಾಗುತ್ತದೆ. ಮಳೆನೀರು ಒಳ್ಳೆಯದು. ನೀರು ಶುದ್ಧಿಸುವ ಆರ್‌ಒ ಯಂತ್ರ ಹೊರಬಿಡುವ ತ್ಯಾಜ್ಯ ನೀರು ಮಾತ್ರ ಬೇಡ, ಲವಣವೆಲ್ಲ ಅದರಲ್ಲೇ ಇರುತ್ತದೆ. ಗೊಬ್ಬರದ ಅಂಗಡಿಯ 19:19:19 (ಸಾರಜನಕ, ರಂಜಕ, ಪೊಟ್ಯಾಷ್ ಸಮಪಾಲಿರುವ ಗೊಬ್ಬರ) ಲೀಟರಿಗೆ ಅರ್ಧ ಗ್ರಾಂ, ಚಿಗುರುವ ಕಾಲದಲ್ಲಿ ವಾರಕ್ಕೊಮ್ಮೆ. ತಿಂಗಳಿಗೊಂದು ಸಲ ಬರೀ ನೀರಿನಿಂದ ಚೆನ್ನಾಗಿ ತೊಳೆಯಬೇಕು.

ಹೂ ಬಿಡಲಿಲ್ಲವೆಂದು ಗೊಬ್ಬರ ಹೆಚ್ಚಿಸುವವರೇ ಜಾಸ್ತಿ. ಮೊದಲು ಎಲೆ ನೋಡಿ. ಕಡು ಹಸಿರಿದ್ದರೆ ಬೆಳಕು ಸಾಲದು. ತಿಳಿ ಹಸಿರಿನ ಮೇಲೆ ಕೆಂಪು ಚುಕ್ಕೆ ಮೂಡಿದರೆ ಸರಿಯಾಗಿದೆ. ಪೂರ್ವದ ಕಿಟಕಿಯ ಮೂರು ನಾಲ್ಕು ಗಂಟೆ ಬಿಸಿಲು ಸಾಕು. ನೆರಳಿನಿಂದ ತಂದ ಗಿಡಕ್ಕೆ ಎರಡು ವಾರದಲ್ಲಿ ಹಂತಹಂತವಾಗಿ ರೂಢಿ ಮಾಡಿಸಿ. ಇಲ್ಲದಿದ್ದರೆ ಎಲೆ ಬೆಳ್ಳಗೆ ಸುಟ್ಟು ಕಲೆ ಹಾಗೇ ಉಳಿಯುತ್ತದೆ.

ಹಿಟ್ಟು ತಿಗಣೆ (ಬಿಳಿ ಹಿಟ್ಟು ಮೆತ್ತಿದಂತೆ ಕಾಣುವ ಮೀಲಿಬಗ್ ಕೀಟ) ಎಲೆ ಬುಡದ ಒಣ ಪೊರೆಯೊಳಗೆ ಅಡಗಿರುತ್ತದೆ. ಪೊರೆ ಸುಲಿದು, ಸರ್ಜಿಕಲ್ ಸ್ಪಿರಿಟ್ ಅದ್ದಿದ ಹತ್ತಿಯಿಂದ ಒರೆಸಿ, ವಾರದ ನಂತರ ಇನ್ನೊಮ್ಮೆ. ಬೇವಿನೆಣ್ಣೆ ಸಿಂಪಡಿಸುವುದಾದರೆ ಸಂಜೆಯೇ ಮಾಡಿ, ಎಣ್ಣೆ ಹತ್ತಿದ ಎಲೆ ಬಿಸಿಲಿಗೆ ಬೇಗ ಸುಡುತ್ತದೆ.